ಬೈಗೆ ಮೀನಿನ ಏರಿಳಿತ: ಕುಂದಾಪುರ ಸೀಮೆಯ ಕಡಲು ಮತ್ತು ಹವಾಮಾನ ಸಂಶೋಧನೆಯ ಚರಿತ್ರೆ

ಬ್ರಹ್ಮಾವರ ತಾಲ್ಲೂಕಿನ ಹಂಗಾರಕಟ್ಟೆಯಿಂದ ಹೊರಟು, ಕುಂದಾಪುರದ ಗಂಗೊಳ್ಳಿ ಅಳಿವೆಯನ್ನು ದಾಟಿ, ಬೈಂದೂರಿನ ಉಪ್ಪುಂದ, ಶಿರೂರುಗಳವರೆಗೆ ಹಬ್ಬಿರುವ ಕಡಲತಡಿಯು ಉತ್ತರ ಅಕ್ಷಾಂಶ 14 ಡಿಗ್ರಿಗೆ ತುಸು ದಕ್ಷಿಣದಲ್ಲಿದೆ. ಈ ಭೌಗೋಳಿಕ ನೆಲೆ ಕೇವಲ ನಕಾಶೆಯ ವಿವರವಲ್ಲ. ತುಳುವರು ಬೂತಾಯಿ ಎಂದೂ ಕುಂದಗನ್ನಡದ ಜನರು ಬೈಗೆ ಎಂದೂ ಕರೆಯುವ ಎಣ್ಣೆಮೀನಿನ ಸಾಂಪ್ರದಾಯಿಕ ನೆಲೆಯನ್ನು ವಿಜ್ಞಾನಿಗಳು 8ರಿಂದ 14 ಡಿಗ್ರಿಗಳ ನಡುವೆ ಗುರುತಿಸಿದ್ದರು. ಅಂದರೆ ಈ ಮೂರು ತಾಲ್ಲೂಕುಗಳು ಆ ನೆಲೆಯ ಉತ್ತರದ ಅಂಚಿನಲ್ಲಿವೆ. ಕಡಲಿನ ಉಷ್ಣತೆಯ ಬದಲಾವಣೆ ಮೊದಲು ಗೋಚರಿಸಬೇಕಾದದ್ದು ಇಂತಹ ಅಂಚಿನಲ್ಲಿಯೇ.

ಬೈಗೆಯ ಅನಿಶ್ಚಿತತೆ ಹೊಸತಲ್ಲ. 1865ರಲ್ಲಿ ಮಲಬಾರಿನ ಮೀನುಗಳ ಕುರಿತು ಗ್ರಂಥ ಪ್ರಕಟಿಸಿದ ಫ್ರಾನ್ಸಿಸ್ ಡೇ ಅವರ ಕಾಲದಲ್ಲಿಯೇ ಈ ಮೀನು ನೆಚ್ಚಿಕೆಗೆ ಅರ್ಹವಲ್ಲವೆಂಬುದು ತಿಳಿದಿತ್ತು. ದಕ್ಷಿಣ ಕನ್ನಡವು ಮದ್ರಾಸು ಪ್ರಾಂತ್ಯಕ್ಕೆ ಸೇರಿದ್ದುದರಿಂದ ಇಲ್ಲಿಯ ಸಂಶೋಧನೆಯ ಮೊದಲ ಅಧ್ಯಾಯ ಮದ್ರಾಸು ಮೀನುಗಾರಿಕಾ ಇಲಾಖೆಯದು. ಜೇಮ್ಸ್ ಹಾರ್ನೆಲ್ ಮತ್ತು ರಾಮಸ್ವಾಮಿ ನಾಯ್ಡು ಅವರು 1920ರ ದಶಕದ ಆರಂಭದಲ್ಲಿ ಬೈಗೆಯ ಜೀವನಚರಿತ್ರೆಯನ್ನು ಕಡಲಿನ ಪ್ಲವಕಜೀವಿಗಳೊಂದಿಗೆ ಇಟ್ಟು ನೋಡಿದರು. ಮೀನಿನ ಪ್ರಶ್ನೆ ವಾಸ್ತವವಾಗಿ ನೀರಿನ ಪ್ರಶ್ನೆಯೆಂಬ ತಿಳಿವಳಿಕೆಗೆ ಅಡಿಪಾಯ ಬಿದ್ದುದು ಅಲ್ಲಿಯೇ.

ಆದರೆ ಆಡಳಿತ ಬೇರೆ ದಾರಿ ಹಿಡಿಯಿತು. 1940ರ ದಶಕದಲ್ಲಿ ಬೈಗೆ ಬಹುತೇಕ ಕಣ್ಮರೆಯಾದಾಗ ಮಿತಿಮೀರಿದ ಬೇಟೆಯೇ ಕಾರಣವೆಂದು ಬಗೆದ ಮದ್ರಾಸು ಸರ್ಕಾರವು 1943ರಲ್ಲಿ ಮರಿಮೀನು ಹಿಡಿಯುವುದಕ್ಕೆ ನಿರ್ಬಂಧ ವಿಧಿಸಿ, ಕೆಲವೇ ವರ್ಷಗಳಲ್ಲಿ ಅದನ್ನು ಹಿಂತೆಗೆದುಕೊಂಡಿತು. 1950ರ ದಶಕದ ಕೊನೆಗೆ ಮೀನು ತಾನಾಗಿಯೇ ಮರಳಿತು. ಅಂದಿನ ದೋಣಿ, ಬಲೆಗಳ ಸಾಮರ್ಥ್ಯವನ್ನು ನೆನೆದರೆ, ದೋಷವನ್ನೆಲ್ಲ ಬೆಸ್ತರ ಮೇಲೆ ಹೊರಿಸಿದ ಆ ನಿರ್ಣಯ ಅವಸರದ್ದೆಂದೇ ಹೇಳಬೇಕಾಗುತ್ತದೆ.

1947ರಲ್ಲಿ ಆರಂಭವಾದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಈ ಚರ್ಚೆಯನ್ನು ಮತ್ತೆ ನೀರಿನತ್ತ ತಿರುಗಿಸಿತು. ನೈರುತ್ಯ ಮಾರುತವು ಬಲವಾಗಿ ಬೀಸಿದಾಗ ದಡದ ಮೇಲ್ಪದರದ ನೀರು ಹೊರಕ್ಕೆ ಸರಿಯುತ್ತದೆ. ಆ ಜಾಗಕ್ಕೆ ತಳದ ತಂಪಾದ, ಪೋಷಕಾಂಶಭರಿತ ನೀರು ಮೇಲೇರುತ್ತದೆ. ಅದರಲ್ಲಿ ಸಸ್ಯಪ್ಲವಕಗಳು ಹುಲುಸಾಗಿ ಬೆಳೆಯುತ್ತವೆ. ಮಳೆಗಾಲದಲ್ಲಿ ಮೊಟ್ಟೆಯಿಡುವ ಬೈಗೆಯ ಮರಿಗಳಿಗೆ ಅದೇ ಆಹಾರ. ಮಾರುತದ ಬಲಕ್ಕೂ ಬೈಗೆಯ ಫಸಲಿಗೂ ಇರುವ ನಂಟನ್ನು ಮೂರ್ತಿ ಮತ್ತು ಎಡೆಲ್ಮನ್ ಪರಿಶೀಲಿಸಿದರೆ, 1969ರಲ್ಲಿ ಆಂಟೊನಿ ರಾಜ ಅವರು ಮೊಟ್ಟೆಯಿಡುವ ತಿಂಗಳುಗಳ ಮಳೆಯನ್ನೂ ಮರಿಗಳ ಸಮೃದ್ಧಿಯನ್ನೂ ಹೋಲಿಸಿದರು. ಹವಾಮಾನ ಬದಲಾವಣೆ ಎಂಬ ಮಾತು ರೂಢಿಗೆ ಬರುವ ಮೊದಲೇ ಅದರ ಪ್ರಶ್ನೆಗಳು ಇಲ್ಲಿ ರೂಪುಗೊಂಡಿದ್ದವು.

ಈ ನಡುವೆ ಸಂಶೋಧಕರು ಎಚ್ಚರ ವಹಿಸಬೇಕಾದ ಒಂದು ಮುರಿವು ಇದೆ. 1970ರ ದಶಕದ ಮಧ್ಯಭಾಗದವರೆಗೆ ಕರ್ನಾಟಕದ ಬೈಗೆ, ಬಂಗುಡೆಗಳ ಲೆಕ್ಕ ಹೆಚ್ಚಿನಂಶ ರಂಪಣಿಯ ಲೆಕ್ಕ. ಇಡೀ ಊರು ಕೂಡಿ ದಡದಿಂದ ಎಳೆಯುತ್ತಿದ್ದ ಆ ಭಾರೀ ಬಲೆ, ದಡಕ್ಕೆ ತಾನಾಗಿ ಬಂದ ಮೀನನ್ನಷ್ಟೇ ಹಿಡಿಯುತ್ತಿತ್ತು. ಅನಂತರ ಬಂದ ಪರ್ಸೀನ್ ದೋಣಿ ಮೀನಿನ ಹಿಂಡನ್ನು ಅರಸಿಹೋಗುತ್ತದೆ. ಒಂದು ಕಡಲು ಕೊಟ್ಟದ್ದರ ಲೆಕ್ಕ, ಇನ್ನೊಂದು ಮನುಷ್ಯ ಹುಡುಕಿ ತಂದದ್ದರ ಲೆಕ್ಕ. ಎರಡನ್ನೂ ಒಂದೇ ರೇಖೆಯಲ್ಲಿ ಜೋಡಿಸಿ ಹವಾಮಾನದ ಪರಿಣಾಮವನ್ನು ಓದಹೊರಟರೆ, ಬಲೆಯ ಚರಿತ್ರೆಯನ್ನೇ ಕಡಲಿನ ಚರಿತ್ರೆಯೆಂದು ಭ್ರಮಿಸಿದಂತಾಗುತ್ತದೆ.

ತಾಪಮಾನದ ಕುರಿತ ಸಾಕ್ಷ್ಯ ಈಚಿನ ದಶಕಗಳದು. 1980ರ ದಶಕದಿಂದೀಚೆಗೆ ಬೈಗೆಯು ತನ್ನ ಹಳೆಯ ಗಡಿಯನ್ನು ಮೀರಿ ಉತ್ತರಕ್ಕೂ ಪೂರ್ವ ಕರಾವಳಿಗೂ ಹರಡಿದುದನ್ನು ಇ. ವಿವೇಕಾನಂದನ್ ಮತ್ತು ಸಂಗಡಿಗರು ಕಡಲಿನ ಬಿಸಿಯೇರುವಿಕೆಗೆ ಸಂಬಂಧಿಸಿದರು. 1901ರಿಂದ 2012ರವರೆಗೆ ಪಶ್ಚಿಮ ಹಿಂದೂ ಮಹಾಸಾಗರದ ಬೇಸಗೆಯ ಮೇಲ್ಮೈ ಉಷ್ಣತೆ ಸುಮಾರು 1.2 ಡಿಗ್ರಿ ಸೆಲ್ಸಿಯಸ್ ಏರಿದೆಯೆಂದು ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಹಸಂಶೋಧಕರು 2014ರಲ್ಲಿ ತೋರಿಸಿದರು. ಆರು ದಶಕಗಳಲ್ಲಿ ಸಸ್ಯಪ್ಲವಕಗಳು ಶೇಕಡ 20ರವರೆಗೆ ಕುಗ್ಗಿವೆಯೆಂಬುದು 2016ರ ಅವರ ಅಧ್ಯಯನದ ಫಲಿತಾಂಶ.

ಉತ್ತರಕ್ಕೆ ಸರಿಯುವ ಮೀನು ಕುಂದಾಪುರ ಸೀಮೆಗೆ ಲಾಭವನ್ನೇ ತರಬೇಕಿತ್ತಲ್ಲವೇ? ಹಾಗಾಗಲಿಲ್ಲ. ನೆರೆಯ ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿನ ಸಮೀಪವಿದ್ದ ಬೈಗೆಯ ಇಳುವರಿ 2021ರಲ್ಲಿ 3,297 ಟನ್ನಿಗೆ ಕುಸಿಯಿತು. ಕರ್ನಾಟಕದ ದಡದಲ್ಲೂ ಕೊರತೆ ತಟ್ಟಿತು. 2015ರ ಎಲ್ ನಿನೊವನ್ನು ಕೇಂದ್ರೀಯ ಸಂಸ್ಥೆ ಒಂದು ಪ್ರಮುಖ ಕಾರಣವೆಂದು ಗುರುತಿಸಿತು. ಹಿಂದಿನ ಶತಮಾನದ ಕುಸಿತಗಳಂತೆ ಇದೂ ಒಂದು ಆವರ್ತನವೋ, ಬಿಸಿಯೇರಿದ ಕಡಲಿನ ಹೊಸ ಸ್ಥಿತಿಯೋ ಎಂಬುದಕ್ಕೆ ಹತ್ತು ವರ್ಷಗಳ ಅಂಕಿಅಂಶ ಸಾಲದು. ಮದ್ರಾಸು ಕಾಲದ ವರದಿಗಳ ಬೆಲೆ ಇರುವುದು ಇಲ್ಲಿ.

ಗಂಗೊಳ್ಳಿ, ಮರವಂತೆ, ಉಪ್ಪುಂದಗಳ ನಾಡದೋಣಿ ಮೀನುಗಾರರ ಲೆಕ್ಕಾಚಾರ ಬೇರೆಯೇ ಬಗೆಯದು. ಮಳೆಗಾಲದ ಆರಂಭದಲ್ಲಿ ಕಡಲು ಒಮ್ಮೆ ‘ತೂಫಾನ್’ ಆಗಿ ತಳಮೇಲಾಗದೆ ಮೀನು ದಡಕ್ಕೆ ಬಾರದೆಂದು ಅವರು ಕಾಯುತ್ತಾರೆ. ತಳದ ನೀರಿನ ಮೇಲೇರಿಕೆಯ ಕುರಿತ ವಿಜ್ಞಾನದೊಂದಿಗೆ ಇಟ್ಟು ನೋಡಬೇಕಾದ ತಿಳಿವಳಿಕೆ ಇದು. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುವಾಗ ನಾಡದೋಣಿಗಳ ವರ್ಷದ ಗಳಿಕೆ ಬಹುಪಾಲು ಈ ತೂಫಾನನ್ನು ಅವಲಂಬಿಸಿರುತ್ತದೆ. ಕೇರಳಕ್ಕೆ ಮುಂಗಾರು 2023ರಲ್ಲಿ ಜೂನ್ 8ಕ್ಕೆ ಬಂದಿತು, 2025ರಲ್ಲಿ ಮೇ 24ಕ್ಕೆ. ನಿಷೇಧದ ದಿನಾಂಕಗಳು ಮಾತ್ರ ಎರಡೂ ವರ್ಷ ಒಂದೇ ಆಗಿದ್ದವು.