ಕಾಲಡಿ ಮೋಟಾರು, ಕೈಯೊಳಗೆ ಬ್ರೇಕು

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ವಾಹನ ಸಂಹಿತೆಯ 21968ನೇ ಕಲಮಿನಲ್ಲಿ ಮೊದಲು ಇದ್ದದ್ದು ಒಂದೇ ವಾಕ್ಯ. ಮೋಟಾರು ಕೂರಿಸಿದ ಸ್ಕೇಟ್‌ಬೋರ್ಡನ್ನು ಫುಟ್‌ಪಾತಿನ ಮೇಲಾಗಲಿ, ರಸ್ತೆಯಲ್ಲಾಗಲಿ, ಸೈಕಲ್ ಹಾದಿಯಲ್ಲಾಗಲಿ, ಕಡೆಗೆ ಕುದುರೆ ಸವಾರಿಯ ಕಾಲುದಾರಿಯಲ್ಲಾಗಲಿ ಓಡಿಸಕೂಡದು ಎಂಬುದು ಅದರ ಸಾರ. 1977ರಲ್ಲಿ ಬಂದ ಈ ನಿಷೇಧ ಹೆಚ್ಚುಕಡಿಮೆ ನಾಲ್ಕು ದಶಕ ಅಲುಗಾಡದೆ ನಿಂತಿತು. ಸ್ಕೇಟ್‌ಬೋರ್ಡ್ ಹುಟ್ಟಿ ಬೆಳೆದ ನೆಲದಲ್ಲೇ ಅದಕ್ಕೆ ಮೋಟಾರು ಜೋಡಿಸಿದವನು ರಸ್ತೆಗಿಳಿದರೆ ತಪ್ಪಿತಸ್ಥ.

ಶಾಸಕರ ಸಿಟ್ಟಿಗೆ ಗುರಿಯಾಗಿದ್ದು ವಿದ್ಯುತ್ ಬೋರ್ಡ್ ಅಲ್ಲ, ಪೆಟ್ರೋಲ್ ಬೋರ್ಡ್. 1975ರಲ್ಲಿ ಕ್ಯಾಲಿಫೋರ್ನಿಯಾದಲ್ಲೇ ಮೋಟೊಬೋರ್ಡ್ ಎಂಬ ಸರಕು ಮಾರುಕಟ್ಟೆಗೆ ಬಂದಿತ್ತು. ಹಲಗೆಯ ಹಿಂಬದಿಗೆ ಸಣ್ಣ ಎಂಜಿನ್ ಕೂರಿಸಿ, ಅದರಿಂದ ಒಂದು ಕೇಬಲ್ ಎಳೆದು ಸವಾರನ ಕೈಗೆ ಥ್ರಾಟಲ್ ಕೊಟ್ಟಿದ್ದರು. ಗದ್ದಲ, ಹೊಗೆ ಎರಡರಲ್ಲೂ ಅದು ಧಾರಾಳಿ. ಆದರೂ ಕೇಬಲ್ಲಿನಲ್ಲಿ ಒಂದು ಅನುಕೂಲವಿತ್ತು. ಕೈಗೂ ಯಂತ್ರಕ್ಕೂ ನಡುವಿನ ಸಂಬಂಧ ಕಣ್ಣಿಗೆ ಕಾಣುತ್ತಿತ್ತು. ಹರಿದರೆ ಹರಿದದ್ದು ಗೊತ್ತಾಗುತ್ತಿತ್ತು, ಸಿಕ್ಕಿಕೊಂಡರೆ ಸಿಕ್ಕಿಕೊಂಡದ್ದು ಬೆರಳಿಗೆ ತಿಳಿಯುತ್ತಿತ್ತು.

ಆ ಕೇಬಲ್ಲನ್ನು ಕತ್ತರಿಸಿದವರಲ್ಲಿ ಮುಖ್ಯವಾಗಿ ಕೇಳಿಬರುವ ಹೆಸರು ಲೂಯಿ ಫಿಂಕಲ್. ಲಾಸ್ ಏಂಜಲೀಸ್ ಸಮೀಪದ ಸೀಲ್ ಬೀಚ್‌ನ ಈತ 1997ರಲ್ಲಿ ತಂತಿಯಿಲ್ಲದ ರಿಮೋಟಿನಿಂದ ಓಡುವ ವಿದ್ಯುತ್ ಸ್ಕೇಟ್‌ಬೋರ್ಡನ್ನು ಮುಂದಿಟ್ಟ. 1999ರಲ್ಲಿ ಅದು ಪೇಟೆಂಟಿನ ದಾಖಲೆ ಸೇರಿತು. ಆ ಕಾಲದ ಬೋರ್ಡುಗಳು ಹೊತ್ತಿದ್ದು ಸೀಸ-ಆಮ್ಲದ ಬ್ಯಾಟರಿ. ಎತ್ತಿ ನಡೆಯಲಾಗದಷ್ಟು ಭಾರ, ಏರು ಬಂದರೆ ಏದುಸಿರು. ಹಗುರವಾದ ಲಿಥಿಯಂ ಬ್ಯಾಟರಿ ಮತ್ತು ಬ್ರಶ್‌ರಹಿತ ಮೋಟಾರು ಕೈಗೆಟುಕುವವರೆಗೆ ಈ ಸವಾರಿ ಕೆಲವೇ ಹವ್ಯಾಸಿಗಳ ಪಾಲಾಗಿತ್ತು. ಆದರೆ ಅಷ್ಟರೊಳಗೇ ಒಂದು ಪ್ರಶ್ನೆ ತಲೆಯೆತ್ತಿತ್ತು: ಕೈಯ ಸಂಕೇತ ಹಲಗೆಗೆ ತಲುಪದ ಕ್ಷಣದಲ್ಲಿ ಹಲಗೆ ಏನು ಮಾಡಬೇಕು?

ಪ್ರಶ್ನೆ ಸ್ಕೇಟ್‌ಬೋರ್ಡಿಗಿಂತ ಹಳೆಯದು. ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ರೇಡಿಯೊ ಅಲೆಯಿಂದ ಪುಟ್ಟ ದೋಣಿಯನ್ನು ತಿರುಗಿಸಿ ತೋರಿಸಿದಂದಿನಿಂದ ದೂರನಿಯಂತ್ರಣದ ಜತೆಗೇ ಅದು ಸಾಗಿಬಂದಿದೆ. ಅಮೆರಿಕದಲ್ಲಿ ಆಟಿಕೆ ಕಾರುಗಳ ರೇಡಿಯೊ ಓಡುತ್ತಿದ್ದುದು 27 ಮೆಗಾಹರ್ಟ್ಸ್ ಆಸುಪಾಸಿನಲ್ಲಿ. ಲಾರಿ ಚಾಲಕರು ಹರಟುವ ಸಿಬಿ ರೇಡಿಯೊ ಕೂಡ ಅಲ್ಲೇ. ಹೆದ್ದಾರಿಯಲ್ಲಿ ಯಾರೋ ಮಾತು ಶುರುಮಾಡಿದರೆ ಅಂಗಳದಲ್ಲಿ ಕಾರು ತಾನಾಗಿ ಓಡಬಹುದಿತ್ತು. ಮಾದರಿ ವಿಮಾನ ಹಾರಿಸುವ ಕ್ಲಬ್ಬುಗಳಲ್ಲಿ ಗೋಡೆಗೊಂದು ಫಲಕ, ಫಲಕಕ್ಕೆ ಒಂದೊಂದು ಆವರ್ತನದ ಕ್ಲಿಪ್ಪು. ಕ್ಲಿಪ್ಪು ಕೈಯಲ್ಲಿದ್ದವನಷ್ಟೇ ಆ ಆವರ್ತನದಲ್ಲಿ ಟ್ರಾನ್ಸ್‌ಮಿಟರ್ ಹಚ್ಚಬೇಕು. ಈ ಶಿಸ್ತು ತಪ್ಪಿದ ದಿನ ವಿಮಾನ ನೆಲಕ್ಕೆ ಬೀಳುತ್ತಿತ್ತು. ಆದರೆ ಆ ವಿಮಾನದೊಳಗೆ ಮನುಷ್ಯ ಇರುತ್ತಿರಲಿಲ್ಲ. ಸ್ಕೇಟ್‌ಬೋರ್ಡಿನ ಮೇಲೆ ಇರುತ್ತಾನೆ.

2000ದ ದಶಕದ ನಡುವಿನಿಂದಾಚೆ ಹರಡಿದ 2.4 ಗಿಗಾಹರ್ಟ್ಸ್ ರಿಮೋಟುಗಳು ಈ ತೊಡಕನ್ನು ಬಹುಪಾಲು ಬಿಡಿಸಿದವು. ಅವು ಒಂದೇ ಆವರ್ತನಕ್ಕೆ ಅಂಟಿಕೊಳ್ಳದೆ ಜಿಗಿಯುತ್ತಿರುತ್ತವೆ, ಜೋಡಿ ಮಾಡಿದ ರಿಸೀವರಿನ ಜತೆ ಮಾತ್ರ ಮಾತಾಡುತ್ತವೆ. ಹಾಗೆಂದು ಕೊರತೆ ಪೂರ್ತಿ ನೀಗಲಿಲ್ಲ. ವೈಫೈ, ಬ್ಲೂಟೂತ್ ಎಲ್ಲವೂ ಅದೇ ಪಟ್ಟಿಯಲ್ಲಿ ಗಿಜಿಗುಟ್ಟುತ್ತವೆ. ನೀರಿನಂಶ ತುಂಬಿದ ಮನುಷ್ಯದೇಹ ಆ ಅಲೆಯನ್ನು ಹೀರುತ್ತದೆ. ಹಲಗೆ ಕಾರ್ಬನ್ ಫೈಬರಿನದಾದರೆ, ರಿಸೀವರಿನ ಪೆಟ್ಟಿಗೆ ಅಲ್ಯೂಮಿನಿಯಮ್ಮಿನದಾದರೆ, ಎರಡೂ ವಿದ್ಯುದ್ವಾಹಕಗಳಾದ್ದರಿಂದ ಸಿಗ್ನಲ್ಲಿಗೆ ಅಡ್ಡ ನಿಲ್ಲುತ್ತವೆ. ಗಂಟೆಗೆ 32 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡು ಸಿಗ್ನಲ್ ಕಳೆದರೆ ಸವಾರ ಸುಮಾರು 9 ಮೀಟರ್ ಮುಂದಿರುತ್ತಾನೆ.

ನಿಯಂತ್ರಿಸುವವನು ಇಲ್ಲದಾದರೆ ಯಂತ್ರ ಏನು ಮಾಡಬೇಕೆಂಬುದಕ್ಕೆ ಟ್ರಾಮು, ರೈಲಿನವರು ಬಹಳ ಹಿಂದೆಯೇ ಒಂದು ಉತ್ತರ ಕಂಡುಕೊಂಡಿದ್ದರು. ಅದು ಡೆಡ್‌ಮ್ಯಾನ್ ಹಿಡಿಕೆ. ಚಾಲಕ ಒತ್ತಿ ಹಿಡಿದಿರುವವರೆಗೆ ಗಾಡಿ ಓಡುತ್ತದೆ, ಬಿಟ್ಟರೆ ಬ್ರೇಕು ಬೀಳುತ್ತದೆ. ಈ ಉತ್ತರಕ್ಕೂ ಬಿರುಕುಂಟು. 2003ರ ಜನವರಿ 31ರಂದು ಆಸ್ಟ್ರೇಲಿಯಾದ ಸಿಡ್ನಿಯ ದಕ್ಷಿಣಕ್ಕೆ, ವಾಟರ್‌ಫಾಲ್ ಎಂಬಲ್ಲಿ, ಹೃದಯಾಘಾತವಾದ ಚಾಲಕನ ಕಾಲಿನ ಭಾರಕ್ಕೇ ಡೆಡ್‌ಮ್ಯಾನ್ ಪೆಡಲು ಒತ್ತಿಕೊಂಡೇ ಉಳಿಯಿತು. ರೈಲು ತಿರುವಿನಲ್ಲಿ ಹಳಿ ತಪ್ಪಿ ಚಾಲಕನೂ ಸೇರಿ 7 ಮಂದಿ ಸತ್ತರು. ಭಾರತೀಯ ರೈಲ್ವೆಯ ಎಂಜಿನ್ನುಗಳಲ್ಲಿರುವ ವಿಜಿಲೆನ್ಸ್ ಸಾಧನ ಇನ್ನೊಂದು ಬಗೆಯದು. ಚಾಲಕ ಒಂದು ನಿಮಿಷ ಯಾವ ಕೆಲಸವನ್ನೂ ಮಾಡದಿದ್ದರೆ ದೀಪ, ಆಮೇಲೆ ಬಜರ್, ಅದಕ್ಕೂ ಬಗ್ಗದಿದ್ದರೆ ಬ್ರೇಕು.

ಮತ್ತೆ ಹಲಗೆಗೆ ಬರೋಣ. 2012 ಈ ಚರಿತ್ರೆಯ ಕವಲುದಾರಿ. ಆ ವರ್ಷದ ಆರಂಭದಲ್ಲಿ ಟೆಕ್ಸಸ್‌ನ ಆಸ್ಟಿನ್‌ನ ಕೇಯಾಟಿಕ್ ಮೂನ್ ಎಂಬ ಸಂಸ್ಥೆ ರಿಮೋಟನ್ನೇ ಬದಿಗಿಟ್ಟು, ಮೈಕ್ರೋಸಾಫ್ಟಿನ ಕಿನೆಕ್ಟ್ ಕ್ಯಾಮೆರಾ ಮತ್ತು ವಿಂಡೋಸ್ 8 ಟ್ಯಾಬ್ಲೆಟ್ ಕೂರಿಸಿದ ಬೋರ್ಡೊಂದನ್ನು ತೋರಿಸಿತು. ಸವಾರನ ಕೈಸನ್ನೆಯೇ ಥ್ರಾಟಲ್. 800 ವ್ಯಾಟ್ ಮೋಟಾರು ಅದನ್ನು ಗಂಟೆಗೆ 32 ಮೈಲಿವರೆಗೆ ಒಯ್ಯಬಲ್ಲದು ಎಂದು ಹೇಳಿಕೊಂಡಿತು. ಇಷ್ಟಕ್ಕೇ ತೃಪ್ತಿಯಾಗದೆ ಅದೇ ತಂಡ ಮಿದುಳಿನ ಅಲೆಗಳನ್ನು ಓದುವ ತಲೆಪಟ್ಟಿಯಿಂದ ಓಡುವ ಮತ್ತೊಂದು ಬೋರ್ಡು ತಯಾರಿಸಿತು. ಇವು ಮಾರಾಟಕ್ಕಾಗಿ ಮಾಡಿದವಲ್ಲ, ಬೆರಗು ಹುಟ್ಟಿಸಲು ಮಾಡಿದವು. ಅದೇ ವರ್ಷ ಬರ್ಕ್ಲಿಯಲ್ಲಿ ಓದಿದ ಇಬ್ಬರು ಯುವಕರ ಝೆಡ್‌ಬೋರ್ಡ್ ಕಿಕ್‌ಸ್ಟಾರ್ಟರಿಗೆ ಬಂತು. ಅದರಲ್ಲೂ ರಿಮೋಟ್ ಇಲ್ಲ. ಮುಂದಿನ ಪಾದಕ್ಕೆ ಭಾರ ಕೊಟ್ಟರೆ ಓಟ, ಹಿಂದಿನ ಪಾದಕ್ಕೆ ಕೊಟ್ಟರೆ ತಡೆ. ಹಲಗೆಯಿಂದ ಇಳಿದರೆ ಭಾರವೂ ಇಳಿಯುತ್ತದೆ.

ಮಾರುಕಟ್ಟೆ ಒಲಿದದ್ದು ಮೂರನೆಯ ಉತ್ತರಕ್ಕೆ, ಅಂದರೆ ಕೈಯ ರಿಮೋಟಿಗೆ. ಸ್ಟ್ಯಾನ್‌ಫರ್ಡಿನ ಸಂಜಯ್ ದಸ್ತೂರ್, ಜಾನ್ ಅಲ್ಮನ್, ಮ್ಯಾಥ್ಯೂ ಟ್ರ್ಯಾನ್ ಕಟ್ಟಿದ ಬೂಸ್ಟೆಡ್ ಕಂಪನಿ 2012ರ ಸೆಪ್ಟೆಂಬರಿನಲ್ಲಿ ತನ್ನ ಬೋರ್ಡನ್ನು ಜಗತ್ತಿನ ಅತಿ ಹಗುರ ವಿದ್ಯುತ್ ವಾಹನ ಎಂದು ಕರೆದು ಕಿಕ್‌ಸ್ಟಾರ್ಟರಿನಲ್ಲಿ 4,67,000 ಡಾಲರಿಗೂ ಹೆಚ್ಚು ಹಣ ಎತ್ತಿತು. ಮುಂದೆ ಯೂಟ್ಯೂಬಿನ ಕೇಸಿ ನೈಸ್ಟಾಟ್ ನ್ಯೂಯಾರ್ಕಿನ ಬೀದಿಗಳಲ್ಲಿ ಅದರ ಮೇಲೆ ಓಡಾಡುತ್ತ ವಿಡಿಯೊ ಮಾಡಿದಾಗ ಲಕ್ಷಾಂತರ ಜನ ನೋಡಿದರು.

ಬೂಸ್ಟೆಡ್ ರಿಮೋಟನ್ನು ಹತ್ತಿರದಿಂದ ನೋಡಬೇಕು. ಅಂಗೈಯಲ್ಲಿ ಅಡಗುವ ಗಾತ್ರ. ಮೇಲೆ ಹೆಬ್ಬೆರಳಿಗೆ ಹಲ್ಲುಹಲ್ಲಿನ ಒಂದು ಚಕ್ರ, ಮುಂದಕ್ಕೆ ತಳ್ಳಿದರೆ ವೇಗ, ಹಿಂದಕ್ಕೆ ಎಳೆದರೆ ಬ್ರೇಕು, ಬಿಟ್ಟರೆ ಸ್ಪ್ರಿಂಗ್ ಅದನ್ನು ನಡುವಿಗೆ ತರುತ್ತದೆ. ಕೆಳಗೆ ತೋರುಬೆರಳಿಗೆ ಒಂದು ಟ್ರಿಗರ್. ಟ್ರಿಗರ್ ಒತ್ತಿ ಹಿಡಿದಿದ್ದರೆ ಮಾತ್ರ ಚಕ್ರದ ಮುಂದೂಡಿಕೆಗೆ ಮೋಟಾರು ಕಿವಿಗೊಡುತ್ತದೆ. ಬ್ರೇಕಿಗೆ ಈ ಷರತ್ತಿಲ್ಲ. ಜೇಬಿನಲ್ಲಿ ಚಕ್ರ ಉಜ್ಜಿದರೂ, ಬಿದ್ದ ಸವಾರನ ಹೆಬ್ಬೆರಳು ಗಾಬರಿಯಲ್ಲಿ ಮುಂದೆ ಒತ್ತಿದರೂ ಬೋರ್ಡು ನೆಗೆಯಬಾರದು, ಆದರೆ ನಿಲ್ಲಿಸಬೇಕೆಂದಾಗ ಯಾವ ಅನುಮತಿಯೂ ಬೇಕಾಗಬಾರದು ಎಂಬ ಲೆಕ್ಕ ಅದರೊಳಗಿತ್ತು. ಟ್ರಾಮಿನ ಹಿಡಿಕೆ ಎರಡು ಬೆರಳುಗಳ ಅಳತೆಗೆ ಇಳಿದಿತ್ತು.

ಎರಡನೆಯ ಕಾವಲು ಸವಾರಿ ಮೋಡುಗಳು. ಬೂಸ್ಟೆಡ್ಡಿನ ಎರಡನೆಯ ತಲೆಮಾರಿನ ಡ್ಯುಯಲ್ ಪ್ಲಸ್ ಬೋರ್ಡಿನಲ್ಲಿ ಬಿಗಿನರ್, ಇಕೊ, ಪ್ರೊ, ಎಕ್ಸ್‌ಪರ್ಟ್ ಎಂಬ ನಾಲ್ಕು ಮೆಟ್ಟಿಲು. ಗರಿಷ್ಠ ವೇಗ ಕ್ರಮವಾಗಿ ಗಂಟೆಗೆ 11, 16, 20, 22 ಮೈಲಿ. 2018ರ ಸ್ಟೆಲ್ತ್ ಬೋರ್ಡು ಹೈಪರ್ ಎಂಬ ಐದನೆಯದನ್ನು ಸೇರಿಸಿ 24 ಮೈಲಿಗೆ ಏರಿತು. ಮೋಡ್ ಎಂದರೆ ವೇಗದ ಮಿತಿಯಷ್ಟೇ ಎಂದುಕೊಂಡವರು ಎಡವುತ್ತಾರೆ. ಹೆಬ್ಬೆರಳು ಅದೇ ಅರ್ಧ ಇಂಚು ಸರಿದರೂ ಮೋಟಾರು ಎಷ್ಟು ಜೋರಾಗಿ ಎಳೆಯಬೇಕು, ಬ್ರೇಕು ಎಷ್ಟು ಗಟ್ಟಿಯಾಗಿ ಕಚ್ಚಬೇಕು ಎಂಬುದು ಮೋಡಿನ ಜತೆ ಬದಲಾಗುತ್ತದೆ. ಮೆತ್ತಗಿನ ಮೋಡಿಗೆ ಒಗ್ಗಿದ ಕೈ ಬಿರುಸಿನ ಮೋಡಿನಲ್ಲಿ ಬ್ರೇಕೆಳೆದರೆ ಸವಾರ ಮುಂದಕ್ಕೆ ಬೀಳುತ್ತಾನೆ. ಬಿರುಸಿನದಕ್ಕೆ ಒಗ್ಗಿದವನು ಮೆತ್ತಗಿನದರಲ್ಲಿ ಇಳಿಜಾರಿಗೆ ಬಂದರೆ ಬೇಕಾದ ಜಾಗದಲ್ಲಿ ನಿಲ್ಲಲಾರ. ಸ್ನೇಹಿತರ ನಡುವೆ ಬೋರ್ಡು ಕೈಬದಲಾಯಿಸುವಾಗ ಮೊದಲು ಕೇಳಬೇಕಾದ ಮಾತು ಬ್ಯಾಟರಿಯದಲ್ಲ, ಮೋಡಿನದು.

ಕಂಪನಿಗಳ ಬೋರ್ಡು ದುಬಾರಿ ಎನಿಸಿದವರು ಮನೆಯ ಶೆಡ್ಡಿನಲ್ಲಿ ತಾವೇ ಕಟ್ಟತೊಡಗಿದರು. ಅವರ ಕೈಗೆ ಅಗ್ಗಕ್ಕೆ ಸಿಕ್ಕಿದ್ದು ನಿಂಟೆಂಡೊ ವೀ ಆಟಕ್ಕೆಂದು ನೈಕೊ ಕಂಪನಿ ಮಾಡಿದ್ದ ಕಾಮಾ ಎಂಬ ತಂತಿರಹಿತ ನನ್‌ಚಕ್. ಅಂಗೈಗೆ ಒಪ್ಪುವ ಆಕಾರ, ಹೆಬ್ಬೆರಳಿಗೆ ಕಡ್ಡಿ. ಆದರೆ ಆಟದಲ್ಲಿ ಸಿಗ್ನಲ್ ಅರೆಕ್ಷಣ ತಪ್ಪಿದರೆ ಪರದೆಯ ಗೊಂಬೆ ಮುಗ್ಗರಿಸುತ್ತದೆ, ಅಷ್ಟೆ. ಇನ್ನು ಕೆಲವರು ಆಟಿಕೆ ಕಾರಿನ ರಿಮೋಟುಗಳನ್ನು ಬಿಚ್ಚಿ, ಒಳಗಿನ ಸರ್ಕ್ಯೂಟನ್ನು ತ್ರೀಡಿ ಮುದ್ರಿಸಿದ ಕವಚಕ್ಕೆ ತುರುಕಿದರು.

ಇಂಥ ರಿಮೋಟುಗಳ ಭಾಷೆ ಸರಳ. ಸೆಕೆಂಡಿಗೆ ಸುಮಾರು 50 ಬಾರಿ ಒಂದು ಮಿಡಿತ ಹೋಗುತ್ತದೆ. 1.5 ಮಿಲಿಸೆಕೆಂಡ್ ಉದ್ದದ್ದಾದರೆ ತಟಸ್ಥ, 2ರ ಕಡೆಗೆ ಉದ್ದವಾದರೆ ವೇಗ, 1ರ ಕಡೆಗೆ ಗಿಡ್ಡವಾದರೆ ಬ್ರೇಕು. ಮಿಡಿತ ನಿಂತಾಗ ರಿಸೀವರ್ ಏನು ಹೇಳುತ್ತದೆ ಎಂಬುದು ತಯಾರಕ ತೀರ್ಮಾನಿಸಿದ್ದು. ಕೆಲವು ಅಗ್ಗದ ರಿಸೀವರುಗಳು ಕಡೆಯ ಆಜ್ಞೆಯನ್ನೇ ಮತ್ತೆ ಮತ್ತೆ ಒಪ್ಪಿಸುತ್ತಿರುತ್ತವೆ. ಪೂರ್ತಿ ವೇಗ ಕೇಳಿದ ಗಳಿಗೆಯಲ್ಲಿ ರಿಮೋಟಿನ ಬ್ಯಾಟರಿ ಸತ್ತರೆ ಅದರ ಅರ್ಥ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಸ್ವೀಡನ್ನಿನ ಬೆಂಜಮಿನ್ ವೆಡ್ಡರ್ ಮುಕ್ತವಾಗಿ ಹಂಚಿದ ವೆಸ್ಕ್ ಎಂಬ ಮೋಟಾರು ನಿಯಂತ್ರಕ ಈ ತೀರ್ಮಾನವನ್ನು ಮರೆಯಿಂದ ಬೆಳಕಿಗೆ ತಂದಿತು. ಅದರ ತಂತ್ರಾಂಶದಲ್ಲಿ ಎರಡು ಖಾನೆಗಳಿವೆ. ಸಿಗ್ನಲ್ ಬಾರದೆ ಎಷ್ಟು ಹೊತ್ತು ಕಾಯಬೇಕು ಎಂಬುದು ಒಂದು, ಕಾದು ಮುಗಿದ ಮೇಲೆ ಎಷ್ಟು ಕರೆಂಟಿನಲ್ಲಿ ಬ್ರೇಕು ಹಾಕಬೇಕು ಎಂಬುದು ಇನ್ನೊಂದು. ಮುಟ್ಟದೆ ಬಿಟ್ಟರೆ ಮೊದಲನೆಯದರಲ್ಲಿ 1000 ಮಿಲಿಸೆಕೆಂಡ್, ಎರಡನೆಯದರಲ್ಲಿ ಸೊನ್ನೆ. ಎಂದರೆ ಒಂದು ಸೆಕೆಂಡ್ ಕಾದು, ಆಮೇಲೆ ಸುಮ್ಮನೆ ಉರುಳಲು ಬಿಡುತ್ತದೆ. ಸಪಾಟು ರಸ್ತೆಯಲ್ಲಿ ಇದು ವಿವೇಕ, ಏಕೆಂದರೆ ನಿರೀಕ್ಷಿಸದ ಬ್ರೇಕು ನಿಂತವನನ್ನು ಎತ್ತಿ ಎಸೆಯುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದಂಥ ಊರಿನ ಇಳಿಜಾರಿನಲ್ಲಿ ಅದೇ ವಿವೇಕ ಸವಾರನನ್ನು ಬ್ರೇಕಿಲ್ಲದೆ ಕೆಳಗಿನ ಚೌಕಕ್ಕೆ ಕಳಿಸುತ್ತದೆ. ಎರಡಕ್ಕೂ ಸರಿಹೊಂದುವ ಒಂದೇ ಅಂಕಿ ಇಲ್ಲ. ಹಾಗಾಗಿ ಹಳೆಯ ಸವಾರರು ಮೊದಲು ಚಕ್ರವನ್ನು ಗಾಳಿಯಲ್ಲೆತ್ತಿ ಹಿಡಿದು, ರಿಮೋಟ್ ಆರಿಸಿ, ಏನಾಗುತ್ತದೆಂದು ನೋಡುತ್ತಾರೆ.

ಬ್ರೇಕು ಕೈಕೊಡುವ ಇನ್ನೊಂದು ಬಗೆಗೂ ರಿಮೋಟಿಗೂ ಸಂಬಂಧವಿಲ್ಲ. ಈ ಬೋರ್ಡುಗಳ ಬಹುಪಾಲು ಬ್ರೇಕು ಮೋಟಾರನ್ನೇ ಜನರೇಟರ್ ಮಾಡಿ ಹುಟ್ಟಿದ ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸುತ್ತದೆ. ಪೂರ್ತಿ ಚಾರ್ಜಾದ ಬ್ಯಾಟರಿ ಹೊತ್ತು ಬೆಟ್ಟದ ಮನೆಯಿಂದ ಹೊರಟವನಿಗೆ ಆ ವಿದ್ಯುತ್ತಿಗೆ ಜಾಗವೇ ಇರುವುದಿಲ್ಲ. ಸರ್ಕ್ಯೂಟು ತನ್ನನ್ನು ಉಳಿಸಿಕೊಳ್ಳಲು ಬ್ರೇಕು ಕಡಿತಗೊಳಿಸಬಹುದು.

ರಿಮೋಟ್ ಇಲ್ಲದಿದ್ದರೆ ಅಪಾಯವೂ ಇಲ್ಲವೇ? 2014ರಲ್ಲಿ ಕಿಕ್‌ಸ್ಟಾರ್ಟರಿಗೆ ಬಂದ ಒನ್‌ವೀಲ್ ಈ ವಾದವನ್ನು ಪರೀಕ್ಷೆಗೊಡ್ಡಿತು. ನಡುವೆ ಒಂದೇ ದಪ್ಪ ಚಕ್ರ, ಮುಂದಕ್ಕೆ ವಾಲಿದರೆ ಓಟ, ಸಮತೋಲ ಕಾಯುವುದು ಮೋಟಾರು. ಇದರಲ್ಲೂ ಮೋಡುಗಳಿದ್ದವು. ಎಕ್ಸ್‌ಆರ್ ಮಾದರಿಯಲ್ಲಿ ಸೆಕ್ವೋಯಾದಿಂದ ಶುರುವಾಗಿ ಡಿಲಿರಿಯಂವರೆಗೆ. ಮಿತಿ ಹತ್ತಿರವಾದಾಗ ಬೋರ್ಡು ಮೂಗು ಮೇಲೆತ್ತಿ ಸವಾರನನ್ನು ಹಿಂದಕ್ಕೆ ದೂಡುತ್ತದೆ. ಈ ಎಚ್ಚರಿಕೆಯನ್ನೂ ಮೀರಿ ವಾಲಿದರೆ ಮೋಟಾರಿಗೆ ಎತ್ತಿ ಹಿಡಿಯುವ ಬಲ ಉಳಿಯುವುದಿಲ್ಲ, ಮೂಗು ನೆಲಕ್ಕೆ ಕುಕ್ಕುತ್ತದೆ. 2019 ಮತ್ತು 2021ರ ನಡುವೆ ವರದಿಯಾದ ನಾಲ್ಕು ಸಾವುಗಳನ್ನು ಉಲ್ಲೇಖಿಸಿ 2023ರ ಸೆಪ್ಟೆಂಬರಿನಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಮತ್ತು ಒನ್‌ವೀಲ್ ತಯಾರಿಸುವ ಕಂಪನಿ ಸುಮಾರು 3 ಲಕ್ಷ ಬೋರ್ಡುಗಳ ರೀಕಾಲ್ ಘೋಷಿಸಿದವು. ನಾಲ್ಕರಲ್ಲಿ ಕನಿಷ್ಠ ಮೂವರು ಹೆಲ್ಮೆಟ್ ಧರಿಸಿರಲಿಲ್ಲ. ಹೊಸ ಮಾದರಿಗಳಿಗೆ ಪರಿಹಾರವಾಗಿ ಬಂದದ್ದು ತಂತ್ರಾಂಶ. ಮಿತಿಯ ಸಮೀಪದಲ್ಲಿ ಬೋರ್ಡು ಈಗ ಪಾದಕ್ಕೂ ಕಿವಿಗೂ ತಾಗುವಂತೆ ಗುಂಯ್‌ಗುಡುತ್ತದೆ.

ಕಾನೂನಿನ ಕಣ್ಣು ಬಿದ್ದದ್ದು ಬೇರೆಡೆ. 2015ರಲ್ಲಿ ಕ್ಯಾಲಿಫೋರ್ನಿಯಾ ಒಪ್ಪಿದ ಎಬಿ 604 ಮಸೂದೆ 2016ರ ಜನವರಿ 1ರಿಂದ ವಿದ್ಯುತ್ ಬೋರ್ಡುಗಳನ್ನು ಹಳೆಯ ನಿಷೇಧದಿಂದ ಬಿಡಿಸಿತು. ಉದ್ದ 60 ಇಂಚು, ಅಗಲ 18 ಇಂಚು ಮೀರಬಾರದು, ಸರಾಸರಿ ಶಕ್ತಿ 1000 ವ್ಯಾಟಿಗಿಂತ ಕಡಿಮೆ, ಗರಿಷ್ಠ ವೇಗ 20 ಮೈಲಿ, ಸವಾರಿ 15 ಮೈಲಿಯೊಳಗೆ, ಸವಾರನಿಗೆ 16 ತುಂಬಿರಬೇಕು, ಹೆಲ್ಮೆಟ್ ಕಡ್ಡಾಯ, ಕತ್ತಲಲ್ಲಿ ದೀಪ. ಅಕ್ಷರ ಹಿಡಿದು ನೋಡಿದರೆ ಡ್ಯುಯಲ್ ಪ್ಲಸ್ ಬೋರ್ಡು ಪ್ರೊ ಮೋಡಿನಲ್ಲಿ 20 ಮೈಲಿಯ ಗೆರೆಯೊಳಗೆ, ಎಕ್ಸ್‌ಪರ್ಟಿನಲ್ಲಿ ಗೆರೆಯಾಚೆ. ಜರ್ಮನಿ 2019ರ ಜೂನ್‌ನಲ್ಲಿ ಸಣ್ಣ ವಿದ್ಯುತ್ ವಾಹನಗಳಿಗೆ ರಸ್ತೆ ತೆರೆದಾಗ ಹಿಡಿಯಲು ದಂಡ ಇರಲೇಬೇಕೆಂದಿತು, ಸ್ಕೇಟ್‌ಬೋರ್ಡ್ ಹೊರಗುಳಿಯಿತು. ಹೋವರ್‌ಬೋರ್ಡುಗಳಿಗೆ ಬೆಂಕಿ ಹತ್ತಿ 5 ಲಕ್ಷಕ್ಕೂ ಹೆಚ್ಚನ್ನು ಹಿಂಪಡೆದ 2016ರಲ್ಲೇ ಬಂದ ಯುಎಲ್ 2272 ಮಾನದಂಡದ ಒತ್ತು ಬ್ಯಾಟರಿ ಮತ್ತು ವಿದ್ಯುತ್ ವ್ಯವಸ್ಥೆಯ ಮೇಲೆ. ಕ್ಯಾಲಿಫೋರ್ನಿಯಾದ ವ್ಯಾಖ್ಯೆ ಹಲಗೆಯನ್ನು ಇಂಚು ಇಂಚಾಗಿ ಅಳೆಯಿತು. ಟ್ರಿಗರ್ ಇರಬೇಕೇ, ಸಿಗ್ನಲ್ ತಪ್ಪಿದರೆ ಏನಾಗಬೇಕು ಎಂಬುದರ ಸೊಲ್ಲಿಲ್ಲ.

2020ರ ಮಾರ್ಚಿನಲ್ಲಿ ಬೂಸ್ಟೆಡ್ ತನ್ನ ನೌಕರರಲ್ಲಿ ಬಹುಪಾಲು ಮಂದಿಯನ್ನು ಮನೆಗೆ ಕಳಿಸಿತು, ಆಸ್ತಿ ಲೈಮ್ ಕಂಪನಿಯ ಪಾಲಾಯಿತು. ಉಳಿದ ಬೋರ್ಡುಗಳು ಓಡುತ್ತಲೇ ಇದ್ದವು, ಆದರೆ ಕಳೆದುಹೋದ ರಿಮೋಟಿಗೆ ಬದಲಿ ಸಿಗುವುದು ಕಷ್ಟವಾಯಿತು. ಬೇರೆ ನಿಯಂತ್ರಕ, ಬೇರೆ ರಿಮೋಟ್ ಹೊಂದಿಸಿಕೊಂಡವರ ಕೈಗೆ ಸಿಗ್ನಲ್ ತಪ್ಪಿದಾಗಿನ ಬೇರೆಯದೇ ಫೇಲ್‌ಸೇಫ್ ಬಂತು, ಕೆಲವರಿಗೆ ಟ್ರಿಗರ್ ಇಲ್ಲದ ಚಕ್ರ. ಭಾರತದಲ್ಲಿ ಇಂಥ ಬೋರ್ಡಿಗೆ ಪ್ರತ್ಯೇಕ ನಿಯಮವಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು ಬ್ಯಾಟರಿ ವಾಹನಕ್ಕೆ ನೋಂದಣಿಯಿಂದ ವಿನಾಯಿತಿ ಕೊಡಲು ನೋಡುವುದು ಶಕ್ತಿ 250 ವ್ಯಾಟಿಗಿಂತ, ವೇಗ 25 ಕಿಲೋಮೀಟರಿಗಿಂತ ಕಡಿಮೆಯಿದೆಯೇ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರಿದೆಯೇ, ಪರೀಕ್ಷಾ ಸಂಸ್ಥೆಯ ಮುದ್ರೆ ಇದೆಯೇ ಎಂಬುದನ್ನು. ಬೂಸ್ಟೆಡ್‌ನ ಮೊದಲ ಬೋರ್ಡಿನ ಮೋಟಾರುಗಳ ಶಕ್ತಿ 2000 ವ್ಯಾಟ್.