ಮಾದಕ ವಸ್ತುವಿನ ಚಟ: ಹಲ್ಲು ಉಳಿಸಿಕೊಳ್ಳುವುದು ಹೇಗೆ?

ಎಂಡಿಎಂಎ, ಮೆತ್‌ನಂಥ ಉತ್ತೇಜಕ ಮಾದಕ ವಸ್ತುಗಳು ಬಾಯಿಯ ಜೊಲ್ಲನ್ನು ಒಣಗಿಸುತ್ತವೆ. ಹಲ್ಲನ್ನು ಆಮ್ಲದಿಂದ ಕಾಯುವುದೇ ಈ ಜೊಲ್ಲು. ಜೊತೆಗೆ ಹಲ್ಲು ಕಡಿಯುವುದು, ಬಾಯಾರಿಕೆಗೆ ಸಿಹಿ ಸೋಡಾ ಕುಡಿಯುವುದು, ಬ್ರಷ್ ಮಾಡದಿರುವುದು ಸೇರಿದರೆ ಚಿಕ್ಕ ವಯಸ್ಸಲ್ಲೇ ಹಲ್ಲು ಹುಳುಕಾಗಿ ಮುರಿಯುತ್ತದೆ.

ಚಟ ಪೂರ್ತಿ ಬಿಡುವವರೆಗೆ ಕಾಯಬೇಕಿಲ್ಲ. ಸೋಡಾ ಬದಲು ಆಗಾಗ ನೀರು ಕುಡಿಯಿರಿ. ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್ ಜಗಿಯಿರಿ. ಫ್ಲೋರೈಡ್ ಪೇಸ್ಟ್‌ನಿಂದ ದಿನಕ್ಕೆ 2 ಸಲ ಹಲ್ಲುಜ್ಜಿ. ವಾಂತಿಯಾದರೆ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಿ.

ಯಾವಾಗ, ಏನು ಸೇವಿಸಿದ್ದೆಂದು ದಂತವೈದ್ಯರಿಗೆ ನಿಜ ಹೇಳಲೇಬೇಕು. ಮರಗಟ್ಟಿಸುವ ಇಂಜೆಕ್ಷನ್‌ನಲ್ಲಿ ಸಾಮಾನ್ಯವಾಗಿ ಅಡ್ರಿನಲಿನ್ ಇರುತ್ತದೆ. ಮಾದಕ ವಸ್ತು ಸೇವಿಸಿದ 24 ಗಂಟೆಯೊಳಗೆ ಅದು ಹೃದಯಕ್ಕೆ ಅಪಾಯ ತರಬಹುದು.

ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲ್‌ನ ಕನ್ನಡಿಗರಿಗೆ ರಾಯಚೂರು ಹತ್ತಿರ. ಅಲ್ಲಿ ನವೋದಯ ಮತ್ತು ಎಎಂಇ ದಂತ ವೈದ್ಯಕೀಯ ಕಾಲೇಜುಗಳಿವೆ.

ಕೇಸಿನ ಹೆದರಿಕೆಯಿಂದ ಚಿಕಿತ್ಸೆ ತಪ್ಪಿಸಬೇಡಿ. ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣ ಎದುರಿಸುವ ವ್ಯಸನಿ, ಸರಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ತಾನಾಗಿಯೇ ಚಿಕಿತ್ಸೆ ಪಡೆದರೆ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ವ್ಯಸನಮುಕ್ತಿಯ ಉಚಿತ ಸಹಾಯವಾಣಿ: 14446.