ಊರಿಗಿಂತ ಮೊದಲು ಬಂದ ನಿಲ್ದಾಣ

ಊರು ಬೆಳೆದ ಮೇಲೆ ರೈಲು ಬರುವುದು ಲೋಕರೂಢಿ. ಆದರೆ ಟೋಕಿಯೊ ನಗರದ ನೈಋತ್ಯ ಅಂಚಿನ ದೆನೆನ್‌ಚೋಫು ಬಡಾವಣೆಯಲ್ಲಿ ಮೊದಲು ಬಂದದ್ದು ನಿಲ್ದಾಣ. ಮನೆಗಳು ಅದರ ಬೆನ್ನಿಗೆ ಬಂದವು.

ಹೊಲ, ಕಾರ್ಖಾನೆ, ಮನೆ ಮೂರೂ ಒಂದೆಡೆ ಇರಬೇಕು, ದುಡಿಮೆಗಾಗಿ ಮನುಷ್ಯ ಮಹಾನಗರದ ಹೊಗೆಯನ್ನು ಸೇರುವಂತಾಗಬಾರದು—ಇದು 1898ರಲ್ಲಿ ಇಂಗ್ಲೆಂಡಿನ ಎಬನೆಜರ್ ಹೋವರ್ಡ್ ಕಂಡ ಉದ್ಯಾನನಗರದ ಕನಸು. ಜಪಾನಿನ ಹಿರಿಯ ಉದ್ಯಮಿ ಶಿಬುಸಾವಾ ಎಯಿಚಿ ಮತ್ತು ಸಂಗಡಿಗರು 1918ರಲ್ಲಿ ಆ ಹೆಸರಿನಲ್ಲಿಯೇ ಒಂದು ಕಂಪನಿಯನ್ನು ಸ್ಥಾಪಿಸಿದರು. ಆದರೆ ಅವರು ಕಟ್ಟಹೊರಟದ್ದು ನಿತ್ಯವೂ ನಗರಕ್ಕೆ ದುಡಿಯಲು ಹೋಗುವವರ ವಸತಿಯನ್ನು. ಹೀಗಾಗಿ ಕಾರ್ಖಾನೆ ಇರಬೇಕಾದಲ್ಲಿ ನಿಲ್ದಾಣ ಬಂದು ಕುಳಿತಿತು.

1923ರ ಮಾರ್ಚ್‌ನಲ್ಲಿ ವಿದ್ಯುತ್ ರೈಲು ಓಡಿತು. ನಿಲ್ದಾಣದಿಂದ ಪಶ್ಚಿಮಕ್ಕೆ ಬೀದಿಗಳು ಬೀಸಣಿಗೆಯ ಕಡ್ಡಿಗಳಂತೆ ಹರಡಿದವು. ಆಗಸ್ಟ್‌ನಲ್ಲಿ ನಿವೇಶನಗಳ ಮಾರಾಟ ಆರಂಭವಾಯಿತು. ಮರುತಿಂಗಳ ಮೊದಲ ದಿನವೇ ಮಹಾಭೂಕಂಪ, ಹಿಂದೆಯೇ ಬೆಂಕಿ. ಮಡಿದವರು ಒಂದು ಲಕ್ಷಕ್ಕೂ ಮಿಗಿಲು. ಇಕ್ಕಟ್ಟಿನ ಕೇರಿಗಳಿಗೆ ಅಂಜಿದ ಉಳ್ಳವರು ಹೊರವಲಯದತ್ತ ಹೊರಳಿದರು. ಬರಿಯ ‘ಚೋಫು’ ಎನಿಸಿದ್ದ ನಿಲ್ದಾಣದ ಹೆಸರಿಗೆ 1926ರಲ್ಲಿ, ಹೊಲತೋಟಗಳ ನಾಡೆಂಬ ಅರ್ಥದ ‘ದೆನೆನ್’ ಸೇರಿತು.

1990ರಲ್ಲಿ, ಹಳಿಗಳನ್ನು ನೆಲದಡಿಗೆ ಇಳಿಸುವ ಕಾಮಗಾರಿಗಾಗಿ, ಹಳೆಯ ಕಟ್ಟಡವನ್ನು ತೆಗೆದುಹಾಕಿದರು. 2000ದಲ್ಲಿ ಅದೇ ರೂಪದಲ್ಲಿ ಮತ್ತೆ ಕಟ್ಟಿದರು. ಇಂದು ರೈಲು ಕೆಳಗೆ ಓಡುತ್ತದೆ. ಮೇಲಿನ ಕಟ್ಟಡ ನೆನಪಿಗೆಂದು ನಿಂತಿದೆ.

ಹೋವರ್ಡನ ಕನಸಿನಲ್ಲಿ ಈ ದೈನಂದಿನ ಅಲೆದಾಟಕ್ಕೆ ಎಡೆಯಿರಲಿಲ್ಲ. ಆ ಕನಸಿನ ಹೆಸರನ್ನು ಹೊತ್ತ ಊರು ತನ್ನ ಗುರುತೆಂದು ಉಳಿಸಿಕೊಂಡದ್ದಾದರೋ, ಬೆಳಗಾದರೆ ಎಲ್ಲರೂ ಹೊರಟುಹೋಗುತ್ತಿದ್ದ ಬಾಗಿಲನ್ನೇ.